ಮುರಕಲ್ಲಿಗೆ ಬಳಿದ ಕೆಂಪು ಪೈಂಟು

ಪ್ರವಾಸಿ ಹಡಗು ಬರುವ ದಿನ ಬೆಳಿಗ್ಗೆ ಐದಕ್ಕೇ ದೇರೆಬೈಲಿನ ನಮ್ಮ ಮನೆಯ ಅಂಗಳದಲ್ಲಿ ಕಾರು ತೊಳೆಯುತ್ತೇನೆ. ಸೀಟಿನ ಬಿಳಿ ಬಟ್ಟೆಗೆ ಇಸ್ತ್ರಿ ಹಾಕುವುದೂ ನಾನೇ, ಹೆಂಡತಿಗೆ ಬಿಡುವುದಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಹಡಗಿನಿಂದ ಇಳಿದವರನ್ನು ಊರು ಸುತ್ತಿಸಿ ಹೊತ್ತಿಗೆ ಸರಿಯಾಗಿ ಬಂದರಿಗೆ ಮುಟ್ಟಿಸುವ ಕೆಲಸದಲ್ಲಿ ಇಪ್ಪತ್ತು ವರ್ಷದಿಂದ ಯಾರಿಂದಲೂ ಒಂದು ಮಾತು ಕೇಳಿದವನಲ್ಲ.

ನನ್ನ ತಲೆ ತಗ್ಗುತ್ತಿದ್ದದ್ದು ಒಂದೇ ಕಡೆ, ಹೊಳೆ ಬದಿಯ ಹಳೆ ಬುರುಜಿನಲ್ಲಿ. ಚಿಕ್ಕಂದಿನಲ್ಲಿ ಅದರ ಬುಡದಲ್ಲೇ ಆಡಿದವನು. ಅಪ್ಪ ಮುರಕಲ್ಲು, ಎಂದರೆ ಆ ಬುರುಜು ಕಟ್ಟಿದ ನಮ್ಮ ಕಡೆಯ ಕೆಂಪು ಕಲ್ಲು, ಕಡಿಯುವ ಕೆಲಸದವರು. ಸಿಮೆಂಟು ಕಾಣದೆ ಬರೀ ಸುಣ್ಣದಲ್ಲಿ ನಿಂತ ಗೋಡೆ ಇದು ಎಂದು ಅವರು ಅದರ ಮೇಲೆ ಅಂಗೈ ಇಟ್ಟು ತೋರಿಸುತ್ತಿದ್ದರು. ಬರಬರುತ್ತಾ ಅದೇ ಗೋಡೆಗೆ ಎದೆಮಟ್ಟ ಗುಟ್ಕಾದ ಉಗುಳು. ಮೂಲೆಯಲ್ಲಿ ಮೂತ್ರದ ನಾತ. ಮೆಟ್ಟಿಲ ಮೇಲೆ ಬಿರಿಯಾನಿಯ ಪೊಟ್ಟಣ, ಅದರ ಪಕ್ಕ ಮಗುವಿನ ಡಯಪರು. ಗಿರಾಕಿಗಳು ಕಾರಿನಿಂದ ಇಳಿಯುವ ಮೊದಲೇ ನಾನು ಓಡಿಹೋಗಿ ಕೋಲಿನಿಂದ ಅದನ್ನೆಲ್ಲ ಬದಿಗೆ ತಳ್ಳುತ್ತಿದ್ದೆ.

ಹಾಗಾಗಿ, ಊರು ಅಂದಗೊಳಿಸುವ ಸಮಿತಿಯೊಂದರ ಅಧ್ಯಕ್ಷರು ಬುರುಜಿನ ವಿಷಯದ ಅರ್ಜಿ ಹಿಡಿದು ನಮ್ಮ ಕಾರ್ ಸ್ಟ್ಯಾಂಡಿಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಕೂಗಾಡಿದವನು ನಾನೇ. ಬಂದವರಿಗೆ ಈ ಹೊಲಸು ತೋರಿಸುವುದಾ, ನಾಚಿಕೆಯಿಲ್ಲವಾ ಎಂದೆ. ಅವರು ಎರಡು ಹಾಳೆ ಕೈಗಿಟ್ಟು ಓದಿ ನೋಡಿ ಎಂದರು. ನನಗೆ ಓದಲು ಬರುತ್ತದೆ. ಆದರೆ ನಿಧಾನ, ತುಟಿ ಅಲ್ಲಾಡುತ್ತದೆ. ಸುತ್ತ ಹತ್ತು ಹದಿನೈದು ಚಾಲಕರು ನಿಂತಿದ್ದರು. ಉಳ್ಳಾಲದ ಗೆಳೆಯ, ನಮ್ಮ ಚಾಲಕರಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಒಬ್ಬನೇ ಒಬ್ಬ, ಬ್ಯಾರಿ ಹುಡುಗ, ಓದಿ ಹೇಳಲೇ ಎಂದು ಮೆಲ್ಲಗೆ ಕೇಳಿದ. ಬೇಡವೆಂದೆ. ಮೇಲಿನಿಂದ ಕೆಳಗೆ ಕಣ್ಣಾಡಿಸಿ, ಓದಿದವನಂತೆ ತಲೆಯಾಡಿಸಿ, ಎಲ್ಲರಿಗಿಂತ ಮೊದಲು ದೊಡ್ಡದಾಗಿ ಸಹಿ ಹಾಕಿದೆ.

ಒಂದು ತಿಂಗಳ ಮೇಲೆ ಬಂದ ಹಡಗಿನಲ್ಲಿ ನನಗೆ ಸಿಕ್ಕಿದವರು ವೇಲ್ಸ್‌ನ ಒಂದು ಹಳೆ ಪಟ್ಟಣದ ಮುದುಕ ಮತ್ತು ಅವರ ಹೆಂಡತಿ. ಆತ ಹದಿನಾಲ್ಕಕ್ಕೆ ಶಾಲೆ ಬಿಟ್ಟ ಕಲ್ಲುಕೆಲಸದವರು. ತಮ್ಮೂರಿನ ಕೋಟೆ, ಇಗರ್ಜಿ, ಪೇಟೆ ಸುತ್ತಿನ ಗೋಡೆ ಎಲ್ಲವನ್ನೂ ಮೊಬೈಲಿನಲ್ಲಿ ತೋರಿಸಿದರು. ಪ್ರವಾಸಿಗರು ಫೋಟೋ ಹೊಡೆಯುವ ಆ ಜಾಗಗಳ ಕಲ್ಲಿನ ಸಂದು ತುಂಬಿದ್ದು ತಮ್ಮ ಕೈ ಎಂದರು. ನನಗೆ ಅಪ್ಪನ ನೆನಪಾಯಿತು. ಕದ್ರಿ ದೇವಸ್ಥಾನದಲ್ಲಿ ಮುದುಕರು ದೇವರಿಗಿಂತ ಹೆಚ್ಚು ಹೊತ್ತು ಮೆಟ್ಟಿಲ ಕಲ್ಲನ್ನು ನೋಡಿದರು. ಉಳ್ಳಾಲದ ಕಡಲ ತೀರ ಬೇಡ, ಅಲ್ಲಿ ಪ್ಲಾಸ್ಟಿಕ್ ಬಿಟ್ಟು ಎಂತ ಉಂಟು ಎಂದುಕೊಂಡು ನಾನೇ ಕಾರು ತಿರುಗಿಸಿದೆ. ನಿಮಗೊಂದು ಗೋಡೆ ತೋರಿಸುತ್ತೇನೆ, ಸಿಮೆಂಟು ಮುಟ್ಟದ ಗೋಡೆ, ಈಗ ಗುಡಿಸಿ ತೊಳೆದಿರಬೇಕು ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ದಾರಿಯುದ್ದಕ್ಕೂ ಕೊಚ್ಚಿಕೊಂಡೆ.

ಬುರುಜು ಕಂಡಾಗ ಮೊದಲು ಗುರುತೇ ಸಿಗಲಿಲ್ಲ. ಬುಡದಿಂದ ತುದಿಯವರೆಗೆ ಕೆಂಪು ಎನಾಮೆಲ್ ಪೈಂಟು. ಅದರ ಮೇಲೆ ಜೋಡಿಸಿದ ಕಲ್ಲಿನಂತೆ ಕಾಣಲೆಂದು ಬಿಳಿ ಗೆರೆ. ಕಲ್ಲಿನ ಮೇಲೆ ಕಲ್ಲಿನ ವೇಷ! ಸೆಲ್ಫಿ ತೆಗೆಯಲು ಪ್ಲಾಸ್ಟಿಕ್ ಹೂವಿನ ಒಂದು ಕಮಾನು. ಮೂತ್ರದ ನಾತ ಹೋಗಿರಲಿಲ್ಲ, ಅದಕ್ಕೆ ಪೈಂಟಿನ ವಾಸನೆ ಸೇರಿಕೊಂಡಿತ್ತು ಅಷ್ಟೆ.

ಮುದುಕರು ಅಪ್ಪನ ಹಾಗೆಯೇ ಗೋಡೆಗೆ ಅಂಗೈ ಒತ್ತಿದರು. ತೆಗೆದಾಗ ಹಸಿ ಪೈಂಟು ಅಂಟಿ ಅಂಗೈ ಕೆಂಪಾಗಿತ್ತು. ಅದನ್ನೇ ನೋಡುತ್ತಾ ನಿಂತರು.

ಅಷ್ಟರಲ್ಲಿ ಅಧ್ಯಕ್ಷರು ಮೊಬೈಲು ಹಿಡಿದು ಬಂದರು. ‘ಹೇಗುಂಟು ಅಂತ ಅವರ ಹತ್ರ ಕೇಳಿ ಮಾರಾಯ್ರೆ, ವಿಡಿಯೋ ಮಾಡ್ತೇನೆ. ಕೆಂಪೇ ಯಾಕೆ ಗೊತ್ತುಂಟಾ? ಇನ್ನು ಎಷ್ಟು ಉಗುಳಿದ್ರೂ ಕಾಣುವುದಿಲ್ಲ.’

ಇದಕ್ಕೆ ಪೈಂಟು ಹಚ್ಚಲು ಹೇಳಿದವರು ಯಾರು ಎಂದು ಕೇಳಿದೆ.

‘ಎಂತದು ಯಾರು? ಮೊದಲ ಸಹಿ ನಿಮ್ಮದೇ ಅಲ್ವಾ?’

ಅರ್ಜಿಯ ಫೋಟೋ ತೆಗೆದು ತೋರಿಸಿದರು. ಆ ಬಿಸಿಲಿನಲ್ಲಿ ತುಟಿ ಅಲ್ಲಾಡಿಸುತ್ತಾ ಅಕ್ಷರ ಅಕ್ಷರವಾಗಿ ಓದಿದೆ. ಎರಡನೇ ಹಾಳೆಯಲ್ಲಿತ್ತು: ಬುರುಜಿಗೆ ಪೂರ್ತಿಯಾಗಿ ಆಕರ್ಷಕ ಬಣ್ಣ ಬಳಿಯಬೇಕೆಂದು ನಾವೆಲ್ಲರೂ ಕೋರುತ್ತೇವೆ. ಕೆಳಗೆ ನನ್ನ ಹೆಸರು, ಎಲ್ಲರದಕ್ಕಿಂತ ದೊಡ್ಡದಾಗಿ.

ಇದು ಯಾರ ಕೆಲಸ ಎಂದು ಆಗ ಮುದುಕರು ನನ್ನನ್ನೇ ಕೇಳಿದರು. ಸಮಿತಿಯತ್ತ ಬೆರಳು ತೋರಿಸಬಹುದಿತ್ತು. ನನ್ನದೇ ಎಂದೆ. ಓದದೆ ಸಹಿ ಹಾಕಿದೆ ಎಂದೂ ಹೇಳಿದೆ.

ಅವರು ಬೈಯಲಿಲ್ಲ. ಕಾರಿಗೆ ಬಂದು ಕೂತ ಮೇಲೆ, ಹರೆಯದಲ್ಲಿ ತಾವೂ ತಮ್ಮೂರಿನ ಕೋಟೆ ಗೋಡೆಯ ಸಂದಿಗೆ ಸಿಮೆಂಟು ತುಂಬಿದ್ದನ್ನು ಹೇಳಿದರು. ನೀರು ಒಳಗೇ ನಿಂತು ಕಲ್ಲಿನ ಮುಖ ಉದುರಿತಂತೆ. ಅದನ್ನು ಕೆದಕಿ ತೆಗೆಯುವುದರಲ್ಲೇ ಮುಂದಿನ ಎಷ್ಟೋ ವರ್ಷ ಹೋಯಿತಂತೆ. ಅವರ ಮಾತಿನಲ್ಲಿ ಅರ್ಧ ನನಗೆ ತಿಳಿಯಿತು, ಉಳಿದರ್ಧವನ್ನು ಅವರ ಕೈಸನ್ನೆ ಹೇಳಿತು. ನಿಮ್ಮದಕ್ಕೂ ಹಾಗೇ ಆಗುತ್ತದೆ, ಮಳೆ ಬರಲಿ ಎಂದರು.

ಅವರನ್ನು ಹಡಗಿಗೆ ಬಿಟ್ಟು ಸ್ಟ್ಯಾಂಡಿಗೆ ಬಂದವನೇ ಖಾಲಿ ಹಾಳೆ ತೆಗೆದುಕೊಂಡು ಕಾರಿನ ಬಾನೆಟ್ಟಿನ ಮೇಲೆ ಹರಡಿದೆ. ಉಳ್ಳಾಲದ ಗೆಳೆಯ ಹತ್ತಿರ ಬಂದ.

‘ಕೊಡಿ ಅಣ್ಣ, ನಾನು ಬರೀತೇನೆ. ನೀವು ಸಹಿ ಹಾಕಿದರೆ ಸಾಕು.’

‘ಬೇಡ ಮಾರಾಯ. ಸಹಿ ಹಾಕಿಯೇ ಹೀಗಾದದ್ದು.’

ಬರೆಯಲು ಮಧ್ಯಾಹ್ನವಿಡೀ ಹಿಡಿಯಿತು. ಪೈಂಟು ತೆಗೆಸಿ, ಕಲ್ಲುಕೆಲಸ ಗೊತ್ತಿದ್ದವರಿಂದಲೇ ತೆಗೆಸಿ, ಉಗುಳುವವರನ್ನು ಹಿಡಿಯಿರಿ ಎಂದು ಸರಕಾರಕ್ಕೆ ಹೊಸ ಅರ್ಜಿ. ಆಮೇಲೆ ಎಲ್ಲರ ಎದುರು ನಿಂತು ಜೋರಾಗಿ ಓದಿದೆ. ಎಷ್ಟೋ ಕಡೆ ತಡವರಿಸಿದೆ. ಒಬ್ಬಿಬ್ಬರು ನಕ್ಕರು, ನಗಲಿ.

ಮಳೆಗಾಲ ಕಳೆಯಿತು. ಪೈಂಟು ಗುಳ್ಳೆಯೆದ್ದು ಸುಟ್ಟ ಚರ್ಮದಂತೆ ಜೋಲುತ್ತಿದೆ, ಎಳೆದರೆ ಹಿಂದೆ ಕಲ್ಲಿನ ಪುಡಿಯೂ ಬರುತ್ತದೆ. ಉಗುಳು ಮಾತ್ರ ನಿಜಕ್ಕೂ ಕಾಣುವುದಿಲ್ಲ. ಅರ್ಜಿಗೆ ಉತ್ತರ ಬಂದಿಲ್ಲ. ಅದರ ನಕಲು ಕಾರಿನಲ್ಲೇ ಉಂಟು. ಹೊಸ ಚಾಲಕ ಯಾರು ಸಿಕ್ಕಿದರೂ ಮೊದಲು ಪೂರ್ತಿ ಓದಿ ಹೇಳುತ್ತೇನೆ, ಆಮೇಲಷ್ಟೇ ಸಹಿಗೆ ಪೆನ್ನು ಕೊಡುತ್ತೇನೆ.