ಡಾಕ್ಟರ್ ಆಂಟಿ ಆರಿಸಿಕೊಟ್ಟ ಕೋವಿ

ರಾಚೆಸ್ಟರ್ ಹಿಲ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೈಸೂರಿನ ಆಂಟಿ ಎಮರ್ಜೆನ್ಸಿ ವಾರ್ಡಿನ ಡಾಕ್ಟರು. ರಜೆ ಸಿಕ್ಕರೆ ಹಕ್ಕಿ ಬೇಟೆಗೆ ಹೊರಡುತ್ತಿದ್ದರು. ನನ್ನ ಮೊದಲ ಕೋವಿ ಕೊಳ್ಳಲು ಅವರನ್ನೇ ಕರೆದುಕೊಂಡು ಹೋದೆ.

ಕೆತ್ತನೆಯ ಕೋವಿಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ಒಂದೊಂದನ್ನೂ ನನ್ನ ಭುಜಕ್ಕೆ ಆನಿಸಿ, "ಕಣ್ಣು ಮುಚ್ಚು. ಈಗ ಕಣ್ಣು ಬಿಡು. ನಳಿಗೆ ನೇರ ಕಾಣ್ತಿದ್ಯಾ?" ಎನ್ನುತ್ತಿದ್ದರು. ಕೊನೆಗೆ ಹಗುರವಾದ ಹನ್ನೆರಡು ಗೇಜಿನ ನಳಿಗೆಯದೊಂದನ್ನು ಆರಿಸಿದರು.

"ನಳಿಗೆ ತುದೀಲಿರೋ ಈ ಚೋಕ್ ಬಳೆ ಬದಲಾಯಿಸಿದ್ರೆ ಚರೆ ಹರಡೋದು ಬದಲಾಗಿ, ಫೆಸೆಂಟ್ ಹಕ್ಕಿಗೂ ಆಗುತ್ತೆ, ಬಾತುಕೋಳಿಗೂ ಆಗುತ್ತೆ. ಭಾರ ಅಂಗಡೀಲಿ ಗೊತ್ತಾಗಲ್ಲ ಕಣೋ, ಸಂಜೆ ಗೊತ್ತಾಗುತ್ತೆ."

ಈ ಮಾತನ್ನು ಅವರು ಬೂಟಿನ ಬಗ್ಗೆಯೂ ಹೇಳುತ್ತಿದ್ದರು, ಕೆಲಸದ ಬಗ್ಗೆಯೂ.

ಅಕ್ಟೋಬರಿನ ಒಂದು ಬೆಳಿಗ್ಗೆ ನೈಟ್ ಶಿಫ್ಟ್ ಮುಗಿಸಿ ನೇರವಾಗಿ ಜೋಳದ ಹೊಲಕ್ಕೆ ಬಂದರು. ಫೆಸೆಂಟ್ ಒಂದು ನಮ್ಮಿಬ್ಬರ ನಡುವೆ ತಗ್ಗಿನಲ್ಲೇ ಹಾರಿತು. ಅವರ ಕೋವಿ ಹಕ್ಕಿಯ ಹಿಂದೆಯೇ ತಿರುಗಿ, ನನ್ನ ಎದೆಯ ನೇರಕ್ಕೆ ಬಂದು ನಿಂತಿತು. ಗುಂಡು ಹಾರಲಿಲ್ಲ. ಅವರು ತೋಟಾ ತೆಗೆದು, ನೆಲದ ಮೇಲೆ ಕುಳಿತುಬಿಟ್ಟರು.

"ಏನೂ ಆಗ್ಲಿಲ್ವಲ್ಲ ಆಂಟಿ," ಎಂದೆ.

"ನೀನಿರೋದು ನಂಗೆ ಕಾಣ್ಲೇ ಇಲ್ಲ. ಆಗಿದ್ದು ಅದೇ."

ಆಮೇಲೂ ಅವರು ನನ್ನೊಡನೆ ಹೊಲಕ್ಕೆ ಬರುತ್ತಿದ್ದರು. ಕೋವಿ ತರುತ್ತಿರಲಿಲ್ಲ. ಯಾವಾಗಲೂ ನನ್ನ ಬೆನ್ನ ಹಿಂದೆಯೇ ನಡೆಯುತ್ತಿದ್ದರು.