ಮುರ್ತುಜಾ ಕಾಕಾ ಕಲಿಸಿದ ಈಜು

ನಮ್ಮೂರಲ್ಲಿ ಈಜು ಬರುವ ಯಾರನ್ನಾದರೂ ಹಿಡಿದು ಕೇಳಿ, ಯಾರು ಕಲಿಸಿದರು ಎಂದರೆ ಮುರ್ತುಜಾ ಕಾಕಾ ಎನ್ನುತ್ತಾರೆ. ಈಗೀಗ ಹಾಗೆ ಹೇಳುವಾಗ ದನಿ ತಗ್ಗಿಸುತ್ತಾರೆ. ನಾನಂತೂ ಜೋರಾಗಿಯೇ ಹೇಳುತ್ತೇನೆ. ಕೆರೆಯ ಏರಿಯ ಮೇಲೆ ನನ್ನದೊಂದು ಚಹಾದ ಅಂಗಡಿ ಇದೆ. ಅಲ್ಲಿ ಬಂದು ಕೂತವರಿಗೆ ಕಾಕಾನ ಸುದ್ದಿ ಹೇಳದೆ ನಾನು ಚಹಾ ಕೊಟ್ಟವನಲ್ಲ. "ಮುತ್ತು, ಸಾಕ ಮಾಡೋ ಮಾರಾಯಾ" ಎನ್ನುವವರು ಬೇರೆ ಕಡೆ ಹೋಗಿ ಕುಡಿಯಲಿ.

ತಿಕೋಟಾ ದಾಟಿ ಕನಮಡಿ ಕಡೆಗೆ ಹೊರಟರೆ ಒಂದು ಬೋಳು ಗುಡ್ಡ ಸಿಗುತ್ತದೆ. ಅದರ ಮೇಲಿನ ತಗ್ಗಿನಲ್ಲಿ ಈ ಕೆರೆ. ಗುಡ್ಡವೂ ಸರಕಾರದ್ದು, ಕೆರೆಯೂ ಸರಕಾರದ್ದು, ಹಾಗಾಗಿ ಯಾರು ಬಂದರೂ ಯಾಕೆ ಬಂದಿರಿ ಎಂದು ಕೇಳುವವರಿಲ್ಲ. ಮೊದಲು ಹೋಳಿಹುಣ್ಣಿಮೆ ಬರುವಷ್ಟರಲ್ಲಿ ತಳ ಬಿರುಕು ಬಿಡುತ್ತಿತ್ತು. ದೂರದ ಹೊಳೆಯ ನೀರನ್ನು ಪೈಪಿನಲ್ಲಿ ತಂದು ತುಂಬಿಸಲು ಹತ್ತಿದ ಮೇಲೆ ಬೇಸಿಗೆಯಲ್ಲೂ ಅಲೆ ಹೊಡೆಯುತ್ತದೆ. ಸುದ್ದಿ ವಿಜಯಪುರ ಮುಟ್ಟಿದ್ದೇ ತಡ, ಶನಿವಾರ ಬಂತೆಂದರೆ ಕಾರು, ಬೈಕು. ಅಥಣಿ ರಸ್ತೆಯ ಹೊಸ ಬಡಾವಣೆಯ ಸಿದ್ದರಾಮ ಎಂಬವನು ಬಣ್ಣಬಣ್ಣದ ಟೆಂಟು ತಂದು ಬಾಡಿಗೆಗೆ ಹಾಕಿದ. ಪೇಟೆಯ ಮಂದಿ ಮಕ್ಕಳನ್ನು ಕಟ್ಟಿಕೊಂಡು ಬಂದು, ಮೂರು ಕಲ್ಲು ಹೂಡಿ ಒಲೆ ಹಚ್ಚಿ, ಮೆಣಸಿನಕಾಯಿ ಭಜಿ ಕರಿದು, ಬಯಲಲ್ಲಿ ಮಲಗಿ ಎದ್ದು ಹೋಗುತ್ತಿದ್ದರು. ಬಿಸಿಲಿಗೆ ಬೆಂದ ನಮ್ಮ ಕಡೆಯ ಜನಕ್ಕೆ ಇಷ್ಟು ನೀರನ್ನು ಒಟ್ಟಿಗೆ ನೋಡಿದರೇ ಹುಚ್ಚು ಹಿಡಿದಂತಾಗುತ್ತದೆ. ಈಜು ಬಾರದವರೂ ಅಂಗಿ ಕಳಚಿ ಇಳಿದುಬಿಡುತ್ತಾರೆ.

ಮುರ್ತುಜಾಸಾಬ ಕಸುಬಿನಿಂದ ಗಾದಿ ಹೊಲಿಯುವವರು. ಅರಳೆ ಹಿಂಜಿ, ತುಂಬಿ, ಉದ್ದ ಸೂಜಿಯಿಂದ ಹೊಲಿಗೆ ಹಾಕಿದರೆಂದರೆ ಆ ಗಾದಿ ಅಜ್ಜನಿಂದ ಮೊಮ್ಮಗನವರೆಗೆ ಬರುತ್ತಿತ್ತು. ಸುತ್ತಲಿನ ಊರುಗಳಲ್ಲಿ ಯಾವ ಹುಡುಗಿಯ ಲಗ್ನವಾದರೂ ಗಾದಿ ಇವರ ಮನೆಯಿಂದಲೇ ಹೋಗಬೇಕು. ಈಜು ಕಲಿಸುವುದು ಮಾತ್ರ ಅವರ ಖುಷಿ. ಮುಂಚೆ ಬಾವಿಯಲ್ಲಿ ಕಲಿಸುತ್ತಿದ್ದರು, ಕೆರೆ ತುಂಬಿದ ಮೇಲೆ ಇಲ್ಲಿಗೆ ಬಂದರು. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಊರಿನ ಹುಡುಗ ಹುಡುಗಿಯರ ದಂಡು ಅವರ ಹಿಂದೆ. ಬೆನ್ನಿಗೆ ಖಾಲಿ ಎಣ್ಣೆಯ ಕ್ಯಾನು ಕಟ್ಟಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು, "ಕಾಲ ಬಡೀರಿ, ಬಾಯಿ ಬಡೀಬ್ಯಾಡ್ರಿ!" ಎಂದು ಕೂಗುತ್ತಿದ್ದರು. ಅವರಿಗೂ ಮದೀನಾಬಿ ಕಾಕೂಗೂ ಮಕ್ಕಳಾಗಲಿಲ್ಲ. ಕಾಕೂ ಏರಿಯ ಮೇಲೆ ಚುರುಮುರಿಯ ಬುಟ್ಟಿ ಹಿಡಿದು ಕೂತಿರುತ್ತಿದ್ದರು. ಮೇಲೆ ಬಂದ ಮಕ್ಕಳ ತಲೆ ಒರೆಸಿ ಬೊಗಸೆ ತುಂಬುವುದು ಅವರ ಕೆಲಸ.

ಹೀಗಿರುವಾಗ ಒಂದು ಭಾನುವಾರ ಪೇಟೆಯಿಂದ ಬಂದಿದ್ದ ತರುಣನೊಬ್ಬ ಕುಡಿದು, ಗೆಳೆಯರೊಡನೆ ಪಂಥ ಕಟ್ಟಿ ಹಾರಿದ. ಮೇಲೆ ಬರಲಿಲ್ಲ. ಕಾಕಾ ಮನೆಯಲ್ಲಿ ಉಣ್ಣುತ್ತಿದ್ದರು. ಎದ್ದು ಓಡಿ ಬಂದು ಮುಳುಗಿ ತಳದಿಂದ ಆ ಹುಡುಗನ ಹೆಣ ತಂದರು. ಅವನ ತಂದೆ ಕಾಕಾನ ಕಾಲು ಹಿಡಿದ. ಊರವರು ಎದೆ ಉಬ್ಬಿಸಿಕೊಂಡು "ನಮ್ಮ ಮುರ್ತುಜಾ" ಎಂದರು. ಪೇಪರಿನಲ್ಲಿ ಫೋಟೋ ಬಂತು.

ಮರುದಿನ ಬೆಳಿಗ್ಗೆ ಕಾಕಾ ಕ್ಯಾನುಗಳನ್ನು ಹೆಗಲಿಗೆ ಹಾಕಿಕೊಂಡು ಕೆರೆಗೆ ಬಂದರೆ ಒಂದು ಮಗುವೂ ಇಲ್ಲ. ಹೆದರಿರಬೇಕು ಎಂದುಕೊಂಡರು. ಮುಂದಿನ ವಾರವೂ ಯಾರೂ ಬರಲಿಲ್ಲ. ಹೆಣ ಎತ್ತಿದ ಕೈ, ಆ ಕೈ ಮಕ್ಕಳ ಮೈಗೆ ತಾಗಬಾರದು ಎಂದು ಮನೆಮನೆಯಲ್ಲಿ ಮಾತಾಗಿತ್ತು. ಯಾರು ಮೊದಲು ಅಂದರೋ ಆ ಪುಣ್ಯಾತ್ಮರ ನಾಲಿಗೆಗೆ ಹುಳ ಬೀಳಲಿ. ನಾವೆಲ್ಲ ಹೆಣಕ್ಕೆ ಹೆಗಲು ಕೊಡುವುದಿಲ್ಲವೇ? ಕೊಟ್ಟು, ಸ್ನಾನ ಮಾಡಿ, ಬಂದು ಊಟಕ್ಕೆ ಕೂಡುವುದಿಲ್ಲವೇ? ಈ ಮಾತನ್ನು ನಾನು ಕಟ್ಟೆಯ ಮೇಲೂ ಹೇಳಿದೆ, ನನ್ನ ಮನೆಯಲ್ಲೂ ಹೇಳಿದೆ. "ಅದು ಬ್ಯಾರೆ, ನೀರಾಗ ಸತ್ತವರದು ಬ್ಯಾರೆ" ಎಂದಳು ನನ್ನ ಹೆಂಡತಿ ವಿಜಯಲಕ್ಷ್ಮೀ. ಏನು ಬೇರೆ ಎಂದರೆ ಮಗನನ್ನು ಒಳಗೆ ಕರೆದುಕೊಂಡಳು. ಲಗ್ನದ ಗಾದಿಗಳೂ ನಿಂತುಹೋದವು.

ಆದರೆ ಹೆಣ ಎತ್ತಲು ಮಾತ್ರ ಎಲ್ಲರಿಗೂ ಕಾಕಾ ಬೇಕು. ಬಬಲೇಶ್ವರದ ಕಡೆಯ ಬಾವಿಯಲ್ಲಿ ಯಾರೋ ಬಿದ್ದರೆ ಇವರು, ಕಾಲುವೆಯಲ್ಲಿ ಯಾರೋ ಕೊಚ್ಚಿಹೋದರೆ ಇವರು. ಅತ್ತು ಕರೆಯುತ್ತಿದ್ದರು. ಎತ್ತಿ ಕೊಟ್ಟ ಮೇಲೆ ದೂರ ನಿಂತು ಕೈ ಮುಗಿಯುತ್ತಿದ್ದರು. ಒಮ್ಮೆ ಹೋಗಿ ಬಂದಾಗ ನಾನೇ ಕೇಳಿದೆ, ಯಾಕೆ ಹೋಗುತ್ತೀರಿ, ಆಗುವುದಿಲ್ಲ ಎನ್ನಬಾರದೇ ಎಂದು. ಅವರು ಚಹಾ ಕುಡಿದು ಬಟ್ಟಲು ಕೆಳಗಿಟ್ಟರು. ಆಮೇಲೆ ಹೇಳಿದರು: "ಅವರ ಮಂದಿ ದಂಡಿ ಮ್ಯಾಲ ಕುಂತಿರ್ತಾರಲ್ಲೋ ಮುತ್ತು. ಅವರನ್ನ ನೋಡಿ ಹ್ಯಾಂಗ ಬ್ಯಾಡ ಅನ್ನಲಿ?"

ಅವರಿಗೆ ನಿಜವಾಗಿ ಹತ್ತಿದ್ದು ಕಾವ್ಯಾಳ ಚಿಂತೆ. ನಂದಾ ಎಂಬವಳು ಕೆರೆಯ ದಂಡೆಯಲ್ಲಿ ಟೆಂಟಿನವರಿಗೆ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಮಾರುತ್ತಾಳೆ. ಅವಳ ದೊಡ್ಡ ಮಗಳು ಕಾವ್ಯಾ ಐದನೆಯ ಇಯತ್ತೆ. ಕಾಕಾನ ಬಳಿ ಕಲಿಯಲು ಬಂದವರಲ್ಲಿ ಎಲ್ಲರಿಗಿಂತ ಚುರುಕು, ಎಲ್ಲರಿಗಿಂತ ಭಂಡ ಧೈರ್ಯ. ಕ್ಯಾನು ಬಿಚ್ಚಿ ನಾಲ್ಕು ಮಾರು ಹೋಗುವಷ್ಟು ಕಲಿತಿದ್ದಳು, ದಮ್ಮು ಹಿಡಿಯಲು ಇನ್ನೂ ಬರುತ್ತಿರಲಿಲ್ಲ. ಅಷ್ಟರಲ್ಲಿ ಇದೆಲ್ಲ ಆಯಿತು.

ಕಾಕಾ ನಂದಾಳನ್ನು ಹುಡುಕಿಕೊಂಡು ಬಂದದ್ದು ನನ್ನ ಅಂಗಡಿಯ ಮುಂದೆಯೇ.

"ನಂದವ್ವಾ, ಬ್ಯಾರೇವ್ರದು ಬಿಡು. ಕಾವ್ಯಾನ್ನ ಇನ್ನೊಂದಿಷ್ಟ ದಿನ ಕಳಸು. ಆಕಿಗೆ ಅರ್ಧಾ ಬರ್ತೈತಿ. ಏನೂ ಬಾರದವರು ನೀರಿಗೆ ಅಂಜತಾರ. ಅರ್ಧಾ ಬಂದವರು ಅಂಜೂದಿಲ್ಲ."

ನಂದಾ ತಲೆ ಎತ್ತಲಿಲ್ಲ. "ನನಗೇನೂ ಇಲ್ಲರಿ ಕಾಕಾ. ನಮ್ಮತ್ತಿ ಒಪ್ಪೂದಿಲ್ಲರಿ. ನಾಳೆ ಆಕಿಗೆ ಜ್ವರಾ ಬಂದ್ರೂ ನನ್ನ ಮ್ಯಾಲ ಬರ್ತಾರ."

"ನಾ ಮುಟ್ಟೂದಿಲ್ಲವಾ. ದಂಡಿ ಮ್ಯಾಲ ನಿಂತು ಹೇಳತೇನಿ, ಆತಿಲ್ಲ?"

"ಬ್ಯಾಡ್ರಿ ಕಾಕಾ," ಎಂದಳು. ಆಮೇಲೆ, "ನಿಮ್ಮ ನೆಳ್ಳೂ ಬೀಳೂದು ಬ್ಯಾಡ ಅಂತಾರ್ರಿ," ಎಂದುಬಿಟ್ಟಳು. ಅಂದದ್ದೇ ಬಾಯಿಗೆ ಸೆರಗು ಹಿಡಿದಳು. ಕಾಕಾ ಹೊರಟುಹೋದರು. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ನಂದಾಳ ಮುಖ ನೋಡಿ ಅವಳನ್ನು ಬೈಯಲೂ ಆಗಲಿಲ್ಲ.

ಸಿದ್ದರಾಮ ಒಳ್ಳೆಯವನು. ಟೆಂಟಿನವರ ಮಕ್ಕಳು ನೀರಿಗಿಳಿದಾಗ ಕಾಯಲು ಕಾಕಾನನ್ನು ಇಟ್ಟುಕೊಂಡ. ಅದೂ ಬಹಳ ದಿನ ನಡೆಯಲಿಲ್ಲ. ಟೆಂಟಿಗೆ ಬಂದ ಒಂದು ಕುಟುಂಬಕ್ಕೆ ನಮ್ಮೂರಿನ ಯಾರೋ ಹಿತೈಷಿ, ಸೀಟಿ ಹಿಡಿದು ನಿಂತ ಆ ಮುದುಕ ಯಾರು ಗೊತ್ತೇನು ಎಂದು ಕಿವಿ ಊದಿದರು. ಅವರು ಸಂಜೆಗೇ ಸಾಮಾನು ಕಟ್ಟಿದರು. ಸಿದ್ದರಾಮ ಕಾಕಾನ ಎದುರು ನಿಂತು ಒದ್ದಾಡುತ್ತಿದ್ದ, ಕಾಕಾನೇ ಕೊರಳಿನ ಸೀಟಿ ಬಿಚ್ಚಿ ಅವನ ಕೈಗಿಟ್ಟರು. ಆ ವಾರವೇ ವಿಜಯಪುರದ ಜೋರಾಪುರ ಪೇಟೆಯ ಗಾದಿ ಅಂಗಡಿಯೊಂದರಲ್ಲಿ ಕೂಲಿಗೆ ಸೇರಿದರು. ಅಲ್ಲಿ ಗಾದಿ ಕೊಳ್ಳುವವರಿಗೆ ಹೊಲಿದ ಕೈ ಯಾರದೆಂದು ಗೊತ್ತಿರುವುದಿಲ್ಲ. ಶುಕ್ರವಾರ ಮಾತ್ರ ಊರಿಗೆ ಬರುತ್ತಿದ್ದರು. ಬಂದಾಗಲೆಲ್ಲ ಅಂಗಡಿಯಲ್ಲಿ ಕೂತು ಒಂದೇ ಮಾತು: "ಕಾವ್ಯಾ ನೀರಿಗೆ ಇಳೀತಾಳೇನೋ? ಇಳೀಗೊಡಬ್ಯಾಡೋ ಮುತ್ತು." ಸಾಲೆಗೆ ಹೋಗುತ್ತಾಳೆ, ಆರಾಮ ಇದ್ದಾಳೆ ಎಂದು ನಾನು ಹೇಳುತ್ತಿದ್ದೆ.

ಬೇಸಿಗೆಯ ಸೂಟಿ ಬಂತು. ಆ ದಿನ ದಂಡೆಯ ತುಂಬ ಟೆಂಟುಗಳು. ಪೇಟೆಯ ಹುಡುಗಿಯರು ಚೆಂಡಾಡುತ್ತಿದ್ದರು, ತಾಯಿಯ ಜೊತೆ ಬಂದಿದ್ದ ಕಾವ್ಯಾ ಅವರೊಡನೆ ಸೇರಿಕೊಂಡಳು. ಚೆಂಡು ನೀರಿಗೆ ಬಿತ್ತು. ಗಾಳಿಗೆ ತೇಲುತ್ತ ದೂರ ಹೊರಟಿತು. "ನನಗ ಈಸಾಕ ಬರ್ತೈತಿ!" ಎಂದು ಅವಳು ಇಳಿದದ್ದನ್ನು ಎಲ್ಲರೂ ನೋಡಿದರು. ಚೆಂದವಾಗಿ ಈಜುತ್ತ ಹೋದಳಂತೆ. ಚಪ್ಪಾಳೆ ಹೊಡೆದರಂತೆ. ಚೆಂಡಿಗೆ ಇನ್ನೇನು ಕೈ ತಾಗಬೇಕು, ಅಷ್ಟರಲ್ಲಿ ಸೋತಳು.

ಕೂಗು ಕೇಳಿ ನಾನು ಓಡಿದೆ. ಕಾಕಾನ ಬಳಿ ಕಲಿತವರೆಲ್ಲ ಹಾರಿದೆವು. ನಮಗೆ ಮೇಲೆ ಈಜಲು ಬರುತ್ತಿತ್ತು, ತಳದ ಆ ಕತ್ತಲೆಯಲ್ಲಿ, ಕೆಸರಿನಲ್ಲಿ ಹುಡುಕಲು ಬರುತ್ತಿರಲಿಲ್ಲ. ಮುಳುಗಿ ಮುಳುಗಿ ಕಣ್ಣು ಕೆಂಪಾದವು. ಅವಳು ಬದುಕಿ ಬರುವಷ್ಟು ಹೊತ್ತು ಕಳೆದುಹೋದ ಮೇಲೆ, ಅಲ್ಲಿಯವರೆಗೆ ಕಾಕಾನ ಹೆಸರು ಎತ್ತದಿದ್ದವರೆಲ್ಲ ನನ್ನ ಮುಖ ನೋಡಿದರು. ನಾನು ಫೋನು ಹಚ್ಚಿದೆ. "ಕಾಕಾ, ಕೆರಿಗೆ ಬರ್ರಿ" ಎಂದೆ. ಯಾರು ಎಂದು ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ.

ಯಾರದೋ ಬೈಕಿನ ಹಿಂದೆ ಕೂತು ಬಂದರು. ಅಂಗಿಯ ತೋಳಿಗೆಲ್ಲ ಅರಳೆ ಹತ್ತಿತ್ತು. ಏರಿ ಹತ್ತಿ, ದಂಡೆಯಲ್ಲಿ ಕೂತ ನಂದಾಳನ್ನು ನೋಡಿದರು. ಆಮೇಲೆ ಅಂಗಿ ಕಳಚಿ ನೀರಿಗಿಳಿದರು. ಮೂರನೆಯ ಸಲ ಮೇಲೆ ಬರುವಾಗ ತೋಳಿನಲ್ಲಿ ಕಾವ್ಯಾ ಇದ್ದಳು. ದಂಡೆಯ ಮೇಲೆ ಮಲಗಿಸಿ, ಲಂಗ ಸರಿ ಮಾಡಿ, ಯಾವಾಗಲೂ ಮಾಡುವಂತೆ ಎದ್ದು ದೂರ ಹೋಗಿ ನಿಂತರು. ಬಂಧುಗಳು ಎತ್ತಿಕೊಳ್ಳಲು ಬಾಗಿದಾಗ ನಂದಾ ಅವರ ಕೈ ತಳ್ಳಿದಳು.

"ಕಾಕಾ, ನೀವ ಎತಗೋರಿ. ಯಾರೂ ಬ್ಯಾಡ. ನೀವ ಎತಗೋರಿ ನನ್ನ ಮಗಳನ್ನ."

ಅವಳ ಅತ್ತೆ ಗುರುಸಿದ್ದವ್ವ ಅಲ್ಲಿಯೇ ಇದ್ದಳು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕಾಕಾ ಕಾವ್ಯಾಳನ್ನು ಎತ್ತಿಕೊಂಡು ಗುಡ್ಡ ಇಳಿದರು. ದಾರಿಯುದ್ದಕ್ಕೂ ಅವರು ಅಳುತ್ತಿದ್ದರು. ಅಷ್ಟು ಹೆಣ ಎತ್ತಿದವರು ಅತ್ತದ್ದನ್ನು ನಾನು ನೋಡಿದ್ದು ಅಂದೇ.

ಸೂತಕ ಕಳೆದ ಮೇಲಿನ ಶುಕ್ರವಾರ ಕಾಕಾನ ಮನೆಯ ಮುಂದೆ ತಾಯಂದಿರು ಮಕ್ಕಳ ಕೈ ಹಿಡಿದು ನಿಂತಿದ್ದರು. ನಮ್ಮ ವಿಜಯಲಕ್ಷ್ಮೀ ಮಗನನ್ನು ಕರೆದುಕೊಂಡು ಹೋಗಿದ್ದಳು. ಎಲ್ಲರ ಮುಂದೆ ನಂದಾ, ತನ್ನ ಸಣ್ಣ ಮಗಳೊಡನೆ. ಕೂಸನ್ನು ಕಾಕಾನ ಮುಂದೆ ತಳ್ಳಿ, "ಇಕಿಗೆ ಪೂರಾ ಕಲಸ್ರಿ" ಎಂದಳು.

ಕಾಕಾ ಕೈ ಚಾಚಿ ಆ ಹುಡುಗಿಯನ್ನು ಎತ್ತಿಕೊಂಡರು. ಎತ್ತಿದವರೇ ಥಟ್ಟನೆ ಇಳಿಸಿಬಿಟ್ಟರು.

"ನನ್ನ ಕಡಿಂದ ಆಗೂದಿಲ್ಲವಾ. ಯಾವ ಕೂಸನ್ನ ಹಿಡದ್ರೂ ಕಾವ್ಯಾನ ಭಾರ ಬರ್ತೈತಿ ಕೈಗೆ. ಮುತ್ತುಗ ಹೇಳ್ರಿ, ಅವಗ ಬರ್ತೈತಿ, ಅಂವಾ ಕಲಸ್ತಾನ." ಅಷ್ಟು ಹೇಳಿ ಒಳಗೆ ಹೋದರು. ಮದೀನಾಬಿ ಕಾಕೂ ಬಾಗಿಲಲ್ಲಿ ನಿಂತು ಒಬ್ಬೊಬ್ಬ ಮಗುವಿನ ತಲೆ ಸವರಿ ಕಳಿಸಿದರು. ನಂದಾ ಮಾತ್ರ ಸಂಜೆಯವರೆಗೂ ಆ ಮನೆಯ ಕಟ್ಟೆಯ ಮೇಲೆ ಕೂತಿದ್ದಳು.

ಈಗ ಬೆಳಿಗ್ಗೆ ನಾನೇ ಕಲಿಸುತ್ತೇನೆ. ಅವರ ಹಾಗೆ ಬರುವುದಿಲ್ಲ, ಆದರೂ ಯಾರನ್ನೂ ಅರ್ಧಕ್ಕೆ ಬಿಡುವುದಿಲ್ಲ. ಕಾಕಾ ಜೋರಾಪುರ ಪೇಟೆಯಲ್ಲಿ ಗಾದಿ ಹೊಲಿಯುತ್ತಾರೆ, ಶುಕ್ರವಾರ ಊರಿಗೆ ಬಂದರೂ ಏರಿ ಹತ್ತುವುದಿಲ್ಲ. ಎಲ್ಲಾದರೂ ಯಾರಾದರೂ ಮುಳುಗಿ ಸತ್ತರು ಎಂದು ಫೋನು ಹೋದರೆ ಮಾತ್ರ ಸೂಜಿ ಕೆಳಗಿಟ್ಟು ಇಂದಿಗೂ ಎದ್ದು ಬರುತ್ತಾರೆ. ಅದೊಂದು ಕೆಲಸವನ್ನಷ್ಟೇ ನಾವು ಅವರಿಗೆ ಬಿಟ್ಟಿದ್ದೇವೆ.