ಹತ್ತೊಂಬತ್ತನೆಯ ಮಗು

ಮೂರು ವರ್ಷದ ಹಿಂದಿನ ಶ್ರಾವಣ. ಗುಳೇದಗುಡ್ಡದ ನೇಕಾರರ ಓಣಿಯ ಅಂಗನವಾಡಿಗೆ ನಾನು ಕಾರ್ಯಕರ್ತೆಯಾಗಿ ಸೇರಿ ಎರಡು ತಿಂಗಳಾಗಿತ್ತಷ್ಟೇ. ಹೊಸ ಹುರುಪು, ಜೊತೆಗೆ ತುಸು ಜಂಬ. ಹತ್ತೊಂಬತ್ತು ಮಕ್ಕಳನ್ನು ಕಣ್ಣಲ್ಲೇ ಎಣಿಸಿಬಿಡುತ್ತೇನೆ ಅನ್ನುವುದೂ ಆ ಜಂಬದಲ್ಲೊಂದು.

ಅಂದು ಊಟವಾದ ಮೇಲೆ ಮಕ್ಕಳನ್ನು ಜಮಖಾನೆಯ ಮೇಲೆ ಮಲಗಿಸಿ ಎಣಿಸಿದೆ. ಹತ್ತೊಂಬತ್ತು. ಸರಿಯಾಯಿತು ಎಂದು ತೂಕದ ಪುಸ್ತಕ ಬರೆಯುತ್ತಾ ಕೂತೆ. ಸಹಾಯಕಿ ಶಾಂತವ್ವ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು.

ಅಷ್ಟರಲ್ಲಿ ಮೂರೂವರೆ ವರ್ಷದ ಭಾಗ್ಯಳ ತಾಯಿ ರೇಣುಕಾ, ಪೇಟೆಗೆ ಹೋದವಳು ಹಾಗೇ ಮಗಳನ್ನು ಕರೆದೊಯ್ಯಲು ಬಂದಳು.

"ಅಕ್ಕಾರ, ನಮ್ಮಾಕಿ ಎಲ್ಲಿ ಅದಾಳ್ರಿ?"

ಕೆಂಪು ಖಣದ ಫ್ರಾಕು ತೊಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಮಗುವನ್ನು ತೋರಿಸಿದೆ. ರೇಣುಕಾ ಬಗ್ಗಿ ಎತ್ತಿಕೊಂಡವಳೇ ಕೂಗಿದಳು: "ಅಯ್ಯ ಅಕ್ಕಾರ, ಇಕಿ ನಮ್ಮಾಕಿ ಅಲ್ರೀ!"

ಆ ಓಣಿಯಲ್ಲಿ ರವಿಕೆಗೆಂದು ನೇಯ್ದು ಉಳಿದ ಖಣದ ತುಂಡಿನಲ್ಲಿ ಮನೆಮನೆಗೂ ಫ್ರಾಕು ಹೊಲಿಯುತ್ತಾರೆ. ಇವಳು ಇಲ್ಲಿಗೆ ಬರುವ ತನ್ನ ಅಕ್ಕನ ಹಿಂದೆ ಊಟಕ್ಕೆಂದು ಬಂದು ಅಲ್ಲೇ ಮಲಗಿದ್ದ ಪಕ್ಕದ ಮನೆಯ ಮಗು. ಲೆಕ್ಕ ಸರಿಯಿತ್ತು, ಭಾಗ್ಯ ಇರಲಿಲ್ಲ. ಮುಂಬಾಗಿಲ ಚಿಲಕ ಹಾಕದೆ ಬಿಟ್ಟವಳು ನಾನೇ.

ಮಕ್ಕಳನ್ನು ಶಾಂತವ್ವನಿಗೆ ಒಪ್ಪಿಸಿ ಓಡಿದೆ. ಓಣಿಯ ತುದಿಯಲ್ಲಿ ನೀರಿನ ತೊಟ್ಟಿ, ಅದರಾಚೆ ಟಂಟಂ ಆಟೋಗಳು ಓಡಾಡುವ ರಸ್ತೆ. ತೊಟ್ಟಿಯ ಮುಚ್ಚಳ ಅರ್ಧ ತೆರೆದಿತ್ತು. ಭುಜದವರೆಗೆ ಕೈ ಇಳಿಸಿ ತಡಕಾಡಿದೆ. ಏನೋ ಮೆತ್ತಗೆ ತಾಗಿತು. ಎಳೆದರೆ ಹಳೆಯ ಅರಿವೆ. ಅಲ್ಲೇ ಕುಸಿದು ಕೂತು ಅತ್ತೆ.

ಹೆಸರು ಕೂಗುತ್ತಾ ಬಂದ ರೇಣುಕಾ ಒಮ್ಮೆಲೇ ನಿಂತಳು. ಊಟದ ಹೊತ್ತಿಗೆ ಓಣಿಯ ಮಗ್ಗಗಳೆಲ್ಲ ನಿಂತಿದ್ದವು; ಎಲ್ಲಿಂದಲೋ ಒಂದೇ ಒಂದು ಮಗ್ಗದ ಸಪ್ಪಳ ಕೇಳುತ್ತಿತ್ತು.

"ಮಗ್ಗದ ಸಪ್ಪಳ ಇಲ್ದ ಆಕಿಗೆ ನಿದ್ದಿ ಬರೂದಿಲ್ರಿ. ಸೇರಿಸಿದ ದಿನಾನ ನಿಮಗ ಹೇಳಿದ್ನೆಲ್ರಿ?"

ಹೇಳಿದ್ದಳು. ಅಂದು ನಾನು ಫಾರಂ ತುಂಬುತ್ತಾ ಹೂಂಗುಟ್ಟಿದ್ದೆ.

ಸಪ್ಪಳ ಹಿಡಿದು ಮೂರನೆಯ ಮನೆಗೆ ನುಗ್ಗಿದೆವು. ಒಬ್ಬ ಮುದುಕರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಅವರ ಬೆನ್ನ ಹಿಂದೆ, ನೂಲಿನ ಗಂಟಿಗೆ ತಲೆಯಿಟ್ಟು ಭಾಗ್ಯ ಗಾಢ ನಿದ್ದೆಯಲ್ಲಿದ್ದಳು.

"ಯವ್ವಾ, ಇಕಿ ಯಾವಾಗ ಬಂದ್ಲು?" ಎಂದು ಅವರೇ ಗಾಬರಿಯಾದರು.

ರೇಣುಕಾ ಮಗಳನ್ನು ಎದೆಗವಚಿಕೊಂಡು, ನನ್ನ ಕಡೆ ನೋಡದೆ ಹೋದಳು. ಇನ್ನು ಈ ಮಗು ನಮ್ಮಲ್ಲಿಗೆ ಬರುವುದಿಲ್ಲ ಅಂದುಕೊಂಡು ರಾತ್ರಿಯಿಡೀ ಸಂಕಟಪಟ್ಟೆ.

ಮರುದಿನ ರೇಣುಕಾ ಎಲ್ಲರಿಗಿಂತ ಮೊದಲು ಬಂದಳು. ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟು, "ಇಕಿ ಹೆಸರು ಭಾಗ್ಯ ರೀ," ಎಂದಳು. ಅಷ್ಟೇ.

ಅವಳು ಬೈದಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೇನೋ. ಅಂದಿನಿಂದ ಚಿಲಕ ಹಾಕದೆ ನಾನು ಕೂರುವುದಿಲ್ಲ, ಮಕ್ಕಳನ್ನು ಎಣಿಸುವುದೂ ಇಲ್ಲ. ಮುಖ ನೋಡಿ, ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತೇನೆ.